ಕಲಿಕೆಯ ಖರ್ಚು ನಮ್ಮ ಹಸುವಿನ ಮೈಮೇಲೆ ಯಾಕೆ?



ಹಾಲಿನ ಲೆಕ್ಕ ಬರೆಯುವಾಗ ಹಿಂಡಿ, ಬೂಸಾ, ಹುಲ್ಲು, ಸಾಲದ ಬಡ್ಡಿ ಎಲ್ಲವನ್ನೂ ಬರೆಯುತ್ತೀರಿ. ಒಂದು ಖರ್ಚನ್ನು ಮಾತ್ರ ಯಾರೂ ಬರೆಯುವುದಿಲ್ಲ. ಪಶುವೈದ್ಯ ಕಲಿಯುವವರ ಕೈ ಪಳಗುವ ತನಕ ನಮ್ಮ ದನ ತೆರುವ ಬೆಲೆ ಅದು. ಸರ್ಕಾರದ ಬಜೆಟ್ಟಿನಲ್ಲಿ ಅದಿಲ್ಲ, ಹಾಲಿನ ದರ ಗೊತ್ತುಮಾಡುವವರ ಕಾಗದದಲ್ಲೂ ಅದಿಲ್ಲ. ಸಾಲ ತಂದು ಸೀಮೆ ಹಸು ಕಟ್ಟಿದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಹೆಚ್.ಡಿ.ಕೋಟೆಯ ರೈತನ ಜೇಬಿನಲ್ಲಿ ಮಾತ್ರ ಅದು ಇದೆ.

ಪಶುವೈದ್ಯ ಪದವಿ ಐದೂವರೆ ವರ್ಷದ್ದು. ಭಾರತೀಯ ಪಶುವೈದ್ಯ ಪರಿಷತ್ತಿನ 2016ರ ನಿಯಮದಂತೆ ಅದರಲ್ಲಿ ಒಂದು ವರ್ಷ ಕೈಕೆಲಸದ ತರಬೇತಿ. 1958ರಲ್ಲಿ ಹೆಬ್ಬಾಳದಲ್ಲಿ ಕಾಲೇಜು ಶುರುವಾಯಿತು. ಈಗ ಬೀದರಿನ ಪಶು ವಿಶ್ವವಿದ್ಯಾನಿಲಯದ ಕೆಳಗೆ ನಮ್ಮ ಮಗ್ಗುಲಿನ ಹಾಸನದಲ್ಲೂ ಕಾಲೇಜಿದೆ. ಓದು ಕಮ್ಮಿ ಅಂತ ನಾನು ದೂರುತ್ತಿಲ್ಲ. ನನ್ನ ಪ್ರಶ್ನೆ ಒಂದೇ: ಕಲಿಯುವವನ ಕೈ ಮೊಟ್ಟಮೊದಲು ಹೋಗಬೇಕಾದ್ದು ಬೊಂಬೆ ಹಸುವಿನೊಳಕ್ಕೋ, ಜೀವಂತ ಹಸುವಿನೊಳಕ್ಕೋ?

ಗಬ್ಬ ನೋಡುವ ಕೆಲಸವನ್ನೇ ತಗೊಳ್ಳಿ. ಹಸುವಿನ ಹಿಂದಿನಿಂದ ಕೈ ಹಾಕಿ, ಕರುಳಿನ ಗೋಡೆಯ ಮೂಲಕ ಗರ್ಭಕೋಶ ಮುಟ್ಟಿ ತಿಳಿಯಬೇಕು. ವಿದ್ಯಾರ್ಥಿಯ ಕೈ ಒಳಗೆ ಏನನ್ನು ಮುಟ್ಟುತ್ತಿದೆಯೋ ಪಕ್ಕದಲ್ಲಿ ನಿಂತ ಮೇಷ್ಟ್ರಿಗೆ ಕಾಣದು. 'ಸಿಕ್ತಾ?' ಅಂದರೆ 'ಸಿಕ್ತು ಸಾರ್' ಅನ್ನುತ್ತಾನೆ. ನಿಜವೋ ಸುಳ್ಳೋ ಹಸುವಿಗೇ ಗೊತ್ತು! ಒಂದೇ ಹಸುವಿಗೆ ಹತ್ತು ಜನ ಸಾಲಾಗಿ ಕೈ ಹಾಕಿದರೆ ಕರುಳು ಗಾಯವಾಗುತ್ತದೆ.

ಈ ತೊಡಕನ್ನು ಬಿಡಿಸಿದವರು ಬ್ರಿಟನ್ನಿನ ಸಾರಾ ಬೇಲಿ ಎಂಬ ಪಶುವೈದ್ಯೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆಯೇ ಆಕೆ ಕಂಪ್ಯೂಟರಿಗೆ ಜೋಡಿಸಿದ ಬೊಂಬೆ ಹಸು ಮಾಡಿದರು. ವಿದ್ಯಾರ್ಥಿ ಒಳಗೆ ಕೈಯಾಡಿಸಿದರೆ ಗರ್ಭಕೋಶ ಮುಟ್ಟಿದಂತೆಯೇ ಬೆರಳಿಗೆ ತಾಗುತ್ತದೆ. ಮುಟ್ಟಿದ್ದು ಮೇಷ್ಟ್ರಿಗೆ ಪರದೆಯ ಮೇಲೆ ಕಾಣುತ್ತದೆ. ತಪ್ಪಿದರೆ ತಿದ್ದಬಹುದು, ನೂರು ಸಲ ಮಾಡಿಸಬಹುದು. ಬೊಂಬೆಗೆ ನೋವಿಲ್ಲ, ರೈತನಿಗೆ ನಷ್ಟವಿಲ್ಲ.

ಇನ್ನು ಹಾಲು ಜ್ವರ. ಈದ ಹಸು ಬಿದ್ದುಬಿಟ್ಟರೆ ಕತ್ತಿನ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಡಬೇಕು. ಸೂಜಿ ತಪ್ಪಿ ಔಷಧಿ ಹೊರಕ್ಕೆ ಸೋರಿದರೆ ಕತ್ತು ಊದುತ್ತದೆ. ಅವಸರ ಮಾಡಿ ಬಿಟ್ಟರೆ ಎದೆಬಡಿತ ನಿಂತು ಹಸು ಸಾಯುತ್ತದೆ. ಇದು ನಡುರಾತ್ರಿ ಟಾರ್ಚ್ ಬೆಳಕಿನಲ್ಲಿ ಮೊದಲ ಸಲ ಕಲಿಯುವ ವಿದ್ಯೆಯೇ?

ಲೆಕ್ಕ ನೀವೇ ಹಾಕಿ. ಹಸು ಬೆದೆಗೆ ಬರುವುದು 21 ದಿನಕ್ಕೊಮ್ಮೆ. ಪಳಗದ ಕೈ ಸೆಮೆನ್ ಕಡ್ಡಿಯನ್ನು ಸರಿಯಾದ ಜಾಗಕ್ಕೆ ಮುಟ್ಟಿಸದೆ ಮೂರು ಬೆದೆ ಹೋದರೆ 63 ದಿನ ಹೋಯಿತು. ಮೇವಿಗೆ ದಿನಕ್ಕೆ 150 ರೂಪಾಯಿ ಅಂತ ಇಟ್ಟುಕೊಂಡರೂ 9,450 ರೂಪಾಯಿ. ಸಾಲದ ಕಂತು ಬೇರೆ. 2020ರ ಗೋಹತ್ಯೆ ನಿಷೇಧ ಕಾಯಿದೆ ಬಂದ ಮೇಲೆ ಗಬ್ಬ ನಿಲ್ಲದ ಹಸುವನ್ನು ಕೊಳ್ಳುವವರೂ ಇಲ್ಲ. ಕೊಟ್ಟಿಗೆಯಲ್ಲಿ ನಿಂತೇ ಅದು ಸಾಲ ಬೆಳೆಸುತ್ತದೆ.

'ಬೊಂಬೆ ಬೊಂಬೆಯೇ, ಜೀವದ ಹಸು ಒದೆಯುತ್ತದೆ, ಸಗಣಿ ಹಾಕುತ್ತದೆ, ಅದೆಲ್ಲ ಬೊಂಬೆಯಲ್ಲಿ ಎಲ್ಲಿ ಬಂತು?' ಅನ್ನುವವರಿದ್ದಾರೆ. ಮಾತು ನಿಜ. ಬೊಂಬೆಯಲ್ಲೇ ಓದು ಮುಗಿಸಿ ಅಂತ ನಾವು ಎಲ್ಲಿ ಹೇಳಿದೆವು? ಬೊಂಬೆಯಲ್ಲಿ ಕೈ ಪಳಗಲಿ, ಆಮೇಲೆ ಅನುಭವಸ್ಥರ ಜೊತೆ ಕೊಟ್ಟಿಗೆಗೆ ಬರಲಿ. ನೇಗಿಲು ಹೂಡಲು ಕಲಿಯುವ ಹುಡುಗನನ್ನು ನಾವು ಪೈರು ನಿಂತ ಹೊಲಕ್ಕೆ ಬಿಡುತ್ತೇವಾ?

'ದುಡ್ಡಿಲ್ಲ' ಅನ್ನುವುದು ಇನ್ನೊಂದು ನೆಪ. ಪರದೇಶದ ಯಂತ್ರವೇ ಬೇಕಿಲ್ಲ. ಹೊಲಿಗೆ ಕಲಿಯಲು ಬಟ್ಟೆ, ರಬ್ಬರು ಸಾಕು. ರಕ್ತನಾಳಕ್ಕೆ ಸೂಜಿ ಚುಚ್ಚಿ ಕಲಿಯಲು ಕೆಂಪು ನೀರು ತುಂಬಿದ ಕೊಳವೆ ಸಾಕು. ಅಡ್ಡ ತಿರುಗಿದ ಕರು ಎಳೆಯುವುದನ್ನು ಡ್ರಮ್ಮು, ಗೋಣಿಚೀಲದ ಕರುವಿನಲ್ಲೇ ಕಲಿಸಬಹುದು. ಮನುಷ್ಯರ ಡಾಕ್ಟರಾಗುವವರಿಗೆ ಇಂಥ ಬೊಂಬೆಗಳ ಕೌಶಲ ಪ್ರಯೋಗಾಲಯ ಇರಲೇಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2020ರಲ್ಲೇ ನಿಯಮ ಮಾಡಿದೆ. ಪಟ್ಟಣದವನ ಮೈಗೆ ಒಂದು ನ್ಯಾಯ, ರೈತನ ಹಸುವಿನ ಮೈಗೆ ಇನ್ನೊಂದೇ?

ಇನ್ನೊಂದು ಮಾತು ಕೇಳಿ. ರೈತರ ಕೋಟಾದಲ್ಲಿ ಸೀಟು ಕೇಳುವ ನಮ್ಮ ಮಕ್ಕಳನ್ನು ನಿಲ್ಲಿಸಿ, ಬೀಜ, ಸಾಮಾನು ಗುರುತಿಸು ಅಂತ ಕೈಪರೀಕ್ಷೆ ಮಾಡುತ್ತಾರೆ. ಒಳಗೆ ಹೋಗಲು ಕೈಪರೀಕ್ಷೆ ಬೇಕು. ಹಾಗಾದರೆ ಹಸು ಮುಟ್ಟುವ ಮುಂಚೆ ಬೊಂಬೆಯ ಮೇಲೆ ಕೈಪರೀಕ್ಷೆ ಯಾಕೆ ಬೇಡ?

ಕಲಿಯುವ ಹುಡುಗ ಹುಡುಗಿಯರ ಮೇಲೆ ನಮಗೆ ಸಿಟ್ಟಿಲ್ಲ. ಅವರು ನಮ್ಮ ಮಕ್ಕಳೇ. ಪಳಗಿಸದೆ ಕಳಿಸಿದರೆ ಕೈ ನಡುಗುವುದು ಅವರದ್ದೇ, ಊರವರ ಬೈಗುಳ ತಿನ್ನುವವರೂ ಅವರೇ.

ಆದ್ದರಿಂದ ಕೇಳಬೇಕಾದ್ದು ಇಷ್ಟು. ಪ್ರತಿ ಪಶುವೈದ್ಯ ಕಾಲೇಜಿನಲ್ಲೂ ಬೊಂಬೆಗಳ ಕಲಿಕಾ ಕೋಣೆ ಇರಲಿ, ಪಾಠದ ಹೊತ್ತು ಮುಗಿದ ಮೇಲೂ ಅದು ತೆರೆದಿರಲಿ. ಅಲ್ಲಿ ಪಾಸಾಗದವರು ರೈತನ ಹಸು ಮುಟ್ಟಕೂಡದು. ತರಬೇತಿಗೆ ಬಂದವರ ಪಕ್ಕ ಹಿರಿಯ ಡಾಕ್ಟರು ನಿಲ್ಲಬೇಕು. ಹಳ್ಳಿಯಲ್ಲಿ ಸೆಮೆನ್ ಹಾಕುವ ಕಾರ್ಯಕರ್ತರಿಗೂ ಇದೇ ನಿಯಮ. ಕಲಿಕೆಯಲ್ಲಿ ಹಸುವಿಗೆ ಹಾನಿಯಾದರೆ ಕಲಿಸುವವರೇ ಪರಿಹಾರ ಕಟ್ಟಿಕೊಡಬೇಕು.

ನಿಮ್ಮೂರಿನ ಡೇರಿಯ ಮುಂದಿನ ಸಭೆಯಲ್ಲಿ ಇದನ್ನು ಠರಾವು ಮಾಡಿಸಿ, ಸೀಲು ಹಾಕಿಸಿ ಬೀದರಿಗೆ ಕಳಿಸಿ. ಒಂದು ಪ್ರತಿಯನ್ನು ಶಾಸಕರ ಕೈಗೂ ಕೊಟ್ಟು ಸಹಿ ತಗೊಳ್ಳಿ. ಇವತ್ತಿನಿಂದ ಹಾಲಿನ ಲೆಕ್ಕದ ಪುಸ್ತಕದಲ್ಲಿ ಒಂದು ಕಾಲಂ ಜಾಸ್ತಿ ಎಳೆಯಿರಿ: ತಪ್ಪಿದ ಬೆದೆ, ಕೆಟ್ಟ ಸೂಜಿ, ಸತ್ತ ಕರು. ಮುಂದೆ ಹಾಲಿನ ದರ ಕೇಳಲು ಹೋಗುವಾಗ ಆ ಪುಸ್ತಕವೂ ಕೈಯಲ್ಲಿರಲಿ.