ರಾಜ್ಯವಿಲ್ಲದ ರಾಷ್ಟ್ರಕೂಟ ಅರಸ

ರಾಷ್ಟ್ರಕೂಟರ ಚರಿತ್ರೆ ಬರೆಯುವವರು ಅಮೋಘವರ್ಷ ನೃಪತುಂಗನ 64 ವರ್ಷಗಳ ಆಳ್ವಿಕೆಗೆ ಅಧ್ಯಾಯಗಳನ್ನೇ ಮೀಸಲಿಡುತ್ತಾರೆ. ಅದೇ ವಂಶದ ಕಡೆಯ ಕುಡಿ ನಾಲ್ಕನೆಯ ಇಂದ್ರನಿಗೆ ಒಂದೆರಡು ಸಾಲು ದೊರೆತರೆ ಹೆಚ್ಚು. ಆ ಸಾಲುಗಳಲ್ಲಿಯೂ ಅವನು ರಾಜ್ಯ ಕಳೆದುಕೊಂಡು, ಹತಾಶನಾಗಿ, ಉಪವಾಸದಿಂದ ಪ್ರಾಣಬಿಟ್ಟ ನತದೃಷ್ಟ. ಈ ಚಿತ್ರವನ್ನು ಒಪ್ಪಲಾಗದು.

972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. ಮರುವರ್ಷ ಚಾಲುಕ್ಯ ಇಮ್ಮಡಿ ತೈಲಪನು ಇಮ್ಮಡಿ ಕರ್ಕನನ್ನು ಸೋಲಿಸಿ ರಾಜ್ಯವನ್ನು ವಶಪಡಿಸಿಕೊಂಡನು. ಆಗ ಗಂಗರ ಮಾರಸಿಂಹನು, ಮುಮ್ಮಡಿ ಕೃಷ್ಣನ ಮೊಮ್ಮಗನೂ ತನ್ನ ಸೋದರಳಿಯನೂ ಆದ ಇಂದ್ರನಿಗೆ ಪಟ್ಟಕಟ್ಟಿದನು. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನವು ಈ ಪಟ್ಟಾಭಿಷೇಕವನ್ನು ಮಾರಸಿಂಹನ ಹಿರಿಮೆಗಳಲ್ಲಿ ಒಂದಾಗಿ ಎಣಿಸುತ್ತದೆ. ಆದರೆ ಆ ಪಟ್ಟ ಬಹುಕಾಲ ನಿಲ್ಲಲಿಲ್ಲ. 974–75ರ ಸುಮಾರಿಗೆ ಮಾರಸಿಂಹನು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡನು. ಅಲ್ಲಿಗೆ ಇಂದ್ರನ ರಾಜಕೀಯ ಆಸರೆಯೂ ಮುಗಿಯಿತು.

ಇಂದ್ರನು ಸಲ್ಲೇಖನದಿಂದ ದೇಹ ಬಿಟ್ಟದ್ದಾದರೋ ಶಕ 904ರ ಚೈತ್ರದಲ್ಲಿ, ಎಂದರೆ ಕ್ರಿ.ಶ. 982ರಲ್ಲಿ, ಶ್ರವಣಬೆಳಗೊಳದಲ್ಲಿ. ಸೋಲಿಗೂ ಸಾವಿಗೂ ನಡುವೆ ಏಳು ವರ್ಷಗಳ ಅಂತರವಿದೆ. ಹತಾಶೆಯೇ ಕಾರಣವಾಗಿದ್ದರೆ ಅದು ಇಷ್ಟು ಕಾಲ ಕಾಯುತ್ತಿತ್ತೆ? ಬದುಕುವ ಆಸೆಯಂತೆ ಸಾಯುವ ಆಸೆಯನ್ನೂ ಸಲ್ಲೇಖನದ ಅತಿಚಾರವೆಂದೇ ತತ್ತ್ವಾರ್ಥಸೂತ್ರವು ಎಣಿಸುತ್ತದೆ. ಬಾಳಿಗೆ ಬೇಸತ್ತು ಸಾವನ್ನು ಬಯಸುವವನಿಗೆ ಈ ವ್ರತದಲ್ಲಿ ಎಡೆಯಿಲ್ಲ. ಇಂದ್ರನ ಮರಣವನ್ನು ಸೋತ ಅರಸನ ಆತ್ಮಹತ್ಯೆಯೆಂದು ಬಣ್ಣಿಸುವವರು ವ್ರತವನ್ನೂ ಅರಿತಿಲ್ಲ, ತೇದಿಗಳನ್ನೂ ಕೂಡಿಸಿ ನೋಡಿಲ್ಲ.

ಅವನನ್ನು ಸ್ಮರಿಸುವ ಚಿಕ್ಕಬೆಟ್ಟದ ಶಾಸನದಲ್ಲಿ ಇನ್ನೊಂದು ವಿಶೇಷವಿದೆ. ರಟ್ಟಕಂದರ್ಪನೆಂದು ಬಿರುದಾಂಕಿತನಾದ ಈ ಅರಸನ ಚೆಂಡಾಟದ ನೈಪುಣ್ಯವನ್ನು ಅದು ಬಹು ವಿಸ್ತಾರವಾಗಿ ಕೊಂಡಾಡುತ್ತದೆ. ಹೇಳಲು ಬೇರೇನೂ ಇರಲಿಲ್ಲವೆಂದು ಕೆಲವರು ಮೂಗುಮುರಿಯಬಹುದು. ನನಗೆ ತೋರುವುದು ಬೇರೆ. ಗೆದ್ದ ನಾಡುಗಳ ಪಟ್ಟಿಯಿಲ್ಲದ ಕಡೆ ಒಬ್ಬ ಮನುಷ್ಯನು ಕಾಣಿಸುತ್ತಾನೆ: ಕುದುರೆಯೇರಿ ಚೆಂಡಾಡುವುದರಲ್ಲಿ ನಿಪುಣ, ನಲಿವನ್ನು ಬಲ್ಲವ. ಅಂಥವನು ಎಲ್ಲವನ್ನೂ ಅರಿತು ಬಿಟ್ಟನು.

ಆಳಿದ ವರ್ಷಗಳನ್ನೇ ಅಳತೆಗೋಲಾಗಿಸಿದರೆ ಇಂದ್ರನು ಅಡಿಟಿಪ್ಪಣಿಯಾಗಿಯೇ ಉಳಿಯುತ್ತಾನೆ. ಬೆಳಗೊಳದ ಬಂಡೆ ಅಳೆದದ್ದು ಆ ಕೋಲಿನಿಂದಲ್ಲ. ಚರಿತ್ರಕಾರನೂ ಒಮ್ಮೆಯಾದರೂ ಅದನ್ನು ಬದಿಗಿಡಬೇಕು.