ಶಾಂತಿ ಮಾತುಕತೆ: ಗಡುವಿಗೂ ಮೊದಲು ನಿಯಮ

ಶಾಂತಿ ಮಾತುಕತೆ ಎಂದೊಡನೆ ನಾಯಕರ ಹಸ್ತಲಾಘವ ಕಣ್ಣ ಮುಂದೆ ಬರುತ್ತದೆ. ಆದರೆ ಯಾರು ಮಾತಿಗೆ ಕೂರಬೇಕು, ತೀರ್ಮಾನ ಹೇಗಾಗಬೇಕು, ಎಂದು ಮುಗಿಯಬೇಕು ಎಂಬ ಕಾರ್ಯವಿಧಾನವೇ ಎಷ್ಟೋ ಬಾರಿ ಫಲಿತಾಂಶವನ್ನು ನಿರ್ಧರಿಸುತ್ತದೆ. ಉತ್ತರ ಐರ್ಲೆಂಡ್ ಇದಕ್ಕೆ ನಿದರ್ಶನ.

ಸುಮಾರು 3,500 ಜನರನ್ನು ಬಲಿ ಪಡೆದ ಆ ಸಂಘರ್ಷದ ಇತ್ಯರ್ಥಕ್ಕೆ 1996ರ ಜೂನ್‌ನಲ್ಲಿ ಬಹುಪಕ್ಷೀಯ ಮಾತುಕತೆ ಆರಂಭವಾಯಿತು. ಅಧ್ಯಕ್ಷತೆ ವಹಿಸಿದವರು ಅಮೆರಿಕದ ಮಾಜಿ ಸೆನೆಟರ್ ಜಾರ್ಜ್ ಮಿಚೆಲ್. ಅಲ್ಲಿ ಒಪ್ಪಿದ್ದು ‘ಸಾಕಷ್ಟು ಸಹಮತ’ದ ನಿಯಮ. ಎಲ್ಲರೂ ಒಪ್ಪಲೇಬೇಕೆಂದಿಲ್ಲ; ಆದರೆ ಬ್ರಿಟನ್ ಪರ ಯೂನಿಯನಿಸ್ಟರು, ಐರಿಷ್ ರಾಷ್ಟ್ರೀಯವಾದಿಗಳು ಈ ಎರಡೂ ಸಮುದಾಯಗಳಲ್ಲಿ ಬಹುಮತ ದೊರೆಯಬೇಕು. ಹೀಗಾಗಿ 1997ರಲ್ಲಿ ಐಆರ್‌ಎ ಕದನವಿರಾಮ ಘೋಷಿಸಿ ಸಿನ್ ಫೇನ್ ಒಳಬಂದಾಗ, ಇಯಾನ್ ಪೇಯ್ಸ್ಲಿ ಅವರ ಡಿಯುಪಿ ಹೊರನಡೆದರೂ ಮಾತುಕತೆ ಮುರಿದುಬೀಳಲಿಲ್ಲ.

ಕೊನೆಗೆ ಮಿಚೆಲ್ 1998ರ ಏಪ್ರಿಲ್ 9ರ ಗಡುವು ವಿಧಿಸಿದರು. ಮರುದಿನವೇ ಒಪ್ಪಂದ ಏರ್ಪಟ್ಟಿತು. ಇದು ಕೇವಲ ಗಡುವಿನ ಪವಾಡವಲ್ಲ; 22 ತಿಂಗಳ ಸಿದ್ಧತೆ ಅದರ ಹಿಂದಿತ್ತು.

ಆದರೆ ಗಡುವಿಗೂ ಮಿತಿಯುಂಟು. ಶಸ್ತ್ರತ್ಯಾಗದ ಕಗ್ಗಂಟನ್ನು ಅಂದು ಬಿಡಿಸಲಾಗಲಿಲ್ಲ. ಎರಡು ವರ್ಷಗಳ ಗುರಿಯನ್ನಷ್ಟೇ ನಮೂದಿಸಲಾಯಿತು. ಐಆರ್‌ಎ ಶಸ್ತ್ರತ್ಯಾಗ ಪೂರ್ಣಗೊಂಡದ್ದು 2005ರಲ್ಲಿ. ಈ ನಡುವೆ 2002ರಲ್ಲಿ ಅಮಾನತಾದ ಅಧಿಕಾರ ಹಂಚಿಕೆಯ ಆಡಳಿತ ಮರಳಲು 2007ರವರೆಗೆ ಕಾಯಬೇಕಾಯಿತು.

ನಿಯಮ ವೈರಿಗಳನ್ನು ಒಂದೆಡೆ ಕೂರಿಸಬಲ್ಲದು, ಗಡುವು ಸಹಿ ಹಾಕಿಸಬಲ್ಲದು. ಮುಂದೂಡಿದ ಪ್ರಶ್ನೆ ಮಾತ್ರ ಬಡ್ಡಿ ಸಮೇತ ಮರಳುತ್ತದೆ.