ಹಿಂದಿನ ದೀಪಕ್ಕೆ ಕಪ್ಪು ಬಳಿದು ಗುಡ್ಡ ಏರುವವರು

ಉಗರಗೋಳ: ಎಲ್ಲಮ್ಮನ ಗುಡ್ಡದ ಬುಡದ ಈ ಊರಿನಲ್ಲಿ, ಬಸ್ಸು ನಿಲ್ಲುವ ಜಾಗದಲ್ಲಿ ಸಂಜೆ ಆರೂವರೆಯ ಮೇಲೆ ಅರ್ಧ ತಾಸು ನಿಂತರೆ ಸಾಕು, ಹರೆಯದ ಹುಡುಗರ ಹೊಸ ಷೋಕಿ ಯಾವುದೆಂದು ಗೊತ್ತಾಗುತ್ತದೆ. ಕಾರು ಎದುರಿಗೆ ಬರುವಾಗ ಕಣ್ಣು ಕುಕ್ಕುವ ಬಿಳಿ ದೀಪ. ಬಸ್ಸಿಗೆ ಕಾದು ನಿಂತವರು ಕಣ್ಣಿಗೆ ಕೈ ಅಡ್ಡ ಹಿಡಿಯಬೇಕು. ಅದೇ ಕಾರು ದಾಟಿ ಹೋದ ಮೇಲೆ ಹೊರಳಿ ನೋಡಿದರೆ ಹಿಂದೆ ಏನೂ ಇಲ್ಲ. ಬರೇ ಕತ್ತಲೆ. ಬಲ್ಬು ಸುಟ್ಟಿಲ್ಲ, ವೈರು ಕಡಿದಿಲ್ಲ. ಇದ್ದ ಕೆಂಪು ದೀಪದ ಮೇಲೆ ಮಾಲೀಕನೇ ರೊಕ್ಕ ಕೊಟ್ಟು ಕಪ್ಪು ಹಾಳೆ ಅಂಟಿಸಿಕೊಂಡಿದ್ದಾನೆ, ಇಲ್ಲವೆ ಕಪ್ಪು ಸ್ಪ್ರೇ ಹೊಡೆಸಿಕೊಂಡಿದ್ದಾನೆ.

ಕೇಳಿದರೆ ಉತ್ತರ ಸಿದ್ಧ. "ಲುಕ್ ಬರತೈತ್ರಿ." ಮುಂದಿನ ಮಾತು: "ಬ್ರೇಕ್ ಹೊಡದ್ರ ಕಾಣಸ್ತೈತಲ್ರಿ, ಮತ್ತೇನಾಗತೈತಿ?"

ಏನಾಗುತ್ತದೆ ಎಂಬುದನ್ನೇ ನೋಡಬೇಕಾಗಿದೆ. ಯಾಕೆಂದರೆ ಬನದ ಹುಣ್ಣಿಮೆಯಿಂದ ಭಾರತ ಹುಣ್ಣಿಮೆಯವರೆಗೆ ಈ ರಸ್ತೆ ಊರಿನವರ ರಸ್ತೆಯಾಗಿ ಉಳಿಯುವುದಿಲ್ಲ. ಬೈಲಹೊಂಗಲದ ಕೆಎ 24, ಧಾರವಾಡದ ಕೆಎ 25, ಗದಗಿನ ಕೆಎ 26, ಕೊಲ್ಹಾಪುರದ ಎಂಎಚ್ 09, ಹೀಗೆ ಎಲ್ಲ ಕಡೆಯ ಗಾಡಿಗಳೂ ಗುಡ್ಡದ ಕಡೆಗೆ ಮುಖ ಮಾಡುತ್ತವೆ. ಕ್ರೂಸರು, ಟಂಟಂ, ಬಸ್ಸು, ಟ್ರ್ಯಾಕ್ಟರು, ಅವುಗಳ ನಡುವೆ ಮೇಲೆ ತಟ್ಟು ಕಟ್ಟಿದ ಚಕ್ಕಡಿ. ಚಕ್ಕಡಿಯ ಬದಿಗೆ "ಉಧೋ ಉಧೋ" ಎನ್ನುತ್ತ ನಡೆದು ಬರುವ ಮಂದಿ. ಹುಣ್ಣಿಮೆಯ ಬೆಳದಿಂಗಳು ಇರುತ್ತದೆ ನಿಜ. ಆದರೆ ನೂರಾರು ಗಾಡಿ ಎಬ್ಬಿಸಿದ ಧೂಳಿನಲ್ಲಿ ಅದು ಯಾವ ಚಾಲಕನಿಗೂ ದಾರಿ ತೋರಿಸುವುದಿಲ್ಲ. ಇಂಥ ಸಾಲಿನಲ್ಲಿ ಪ್ರತಿಯೊಬ್ಬ ಚಾಲಕನಿಗೂ ದಾರಿ ತೋರಿಸುವುದು ಮುಂದಿನ ಗಾಡಿಯ ಎರಡು ಕೆಂಪು ಚುಕ್ಕೆಗಳು. ಅವೇ ಇಲ್ಲವಾದರೆ?

ಎಂಟಾಣೆ, ನಾಲ್ಕಾಣೆ ಲೆಕ್ಕ

ಹಳೇ ಕಾಲದ ಜಕಾತಿ ನಾಕಾ ವ್ಯಾಪಾರಸ್ಥರಿಗೆ ನೆನಪಿರಬಹುದು. ಸಾಮಾನು ಊರೊಳಗೆ ಬರಬೇಕಾದರೆ ನಾಕಾದಲ್ಲಿ ತೆರಬೇಕು. ದೀಪದ ಮೇಲಿನ ಕಪ್ಪು ಹಾಳೆಯೂ ಅಂಥದೇ ಒಂದು ನಾಕಾ. ಅರ್ಧ ಬೆಳಕು ಬಿಡುವ ಹಾಳೆ ಎಂದಿಟ್ಟುಕೊಂಡರೆ, ಒಳಗಿನ ಬಲ್ಬಿನ ಒಂದು ರೂಪಾಯಿ ಬೆಳಕು ಹೊರಗೆ ಬರುವಾಗ ಎಂಟಾಣೆ ಆಗುತ್ತದೆ. ಬಲ್ಬಿನ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು 21 ಮತ್ತು 5 ವಾಟಿನ ಜೋಡಿ ತಂತಿಯ ಬಲ್ಬು. ಬ್ರೇಕ್ ಒತ್ತಿದಾಗ ಉರಿಯುವುದು 21 ವಾಟ್, ರಾತ್ರಿಯಿಡೀ ಉರಿಯುವುದು ಬರೀ 5 ವಾಟ್. ಮೊದಲೇ ಬಡವ. ಅವನಿಂದಲೂ ಅರ್ಧ ಕಿತ್ತುಕೊಂಡರೆ ಉಳಿಯುವುದೇನು?

ಇದಕ್ಕಿಂತ ಕೆಟ್ಟ ಸಂಗತಿ ಇನ್ನೊಂದಿದೆ. ಹಿಂದಿನ ದೀಪದ ಮನೆಯೊಳಗೆ ಕೆಂಪು ಪ್ರತಿಫಲಕವೂ ಇರುತ್ತದೆ, ರಿಫ್ಲೆಕ್ಟರ್ ಎಂದು ಎಲ್ಲರೂ ಕರೆಯುವಂಥದ್ದು. ಎಂಜಿನ್ ಬಂದ್ ಮಾಡಿ ರಸ್ತೆಯ ಅಂಚಿಗೆ ನಿಲ್ಲಿಸಿದಾಗಲೂ, ಬ್ಯಾಟರಿ ಸತ್ತಾಗಲೂ, ಹಿಂದಿನಿಂದ ಬಂದವನ ದೀಪವನ್ನೇ ಅವನ ಕಣ್ಣಿಗೆ ತಿರುಗಿಸಿ "ಇಲ್ಲೊಂದು ಗಾಡಿ ಐತಿ" ಎಂದು ಹೇಳುವುದು ಇದೇ. ಹಾಳೆ ಅಂಟಿಸಿದ ಮೇಲೆ ಆ ಬೆಳಕು ನಾಕಾದಲ್ಲಿ ಎರಡು ಸಲ ತೆರಬೇಕು. ಒಳಗೆ ಹೋಗುವಾಗ ಎಂಟಾಣೆ, ಹೊರಗೆ ಬರುವಾಗ ನಾಲ್ಕಾಣೆ. ಇನ್ನೂ ಗಾಢ ಹಾಳೆಯಾಗಿ ಮೂರರಲ್ಲೊಂದು ಪಾಲು ಬೆಳಕು ಮಾತ್ರ ಬಿಡುವುದಾದರೆ ರಿಫ್ಲೆಕ್ಟರಿನಿಂದ ಮರಳಿ ಬರುವುದು ಒಂಬತ್ತರಲ್ಲಿ ಒಂದು ಪಾಲು. ಜಾತ್ರೆಯ ದಿನ ನಿಲ್ಲಿಸಲು ಜಾಗ ಸಿಗದೆ ರಸ್ತೆಯ ಬದಿಗೆ ಬಿಟ್ಟುಹೋದ ಕಾರು ಹೀಗೆ ಕರೀ ಬಂಡೆಯಂತೆ ಬಿದ್ದಿರುತ್ತದೆ. ಫಟಫಟಿಯ ಮೇಲೆ ಹೆಂಡತಿ ಮಕ್ಕಳನ್ನು ಕೂಡಿಸಿಕೊಂಡು ಬರುವವನಿಗೆ ಅದು ಕಾಣುವುದು ತೀರ ಹತ್ತಿರ ಬಂದ ಮೇಲೆ.

"ಬ್ರೇಕ್ ಹೊಡದ್ರ ಕಾಣಸ್ತೈತಿ" ಎಂಬ ವಾದಕ್ಕೆ ಬರೋಣ. ಹಿಂದೆ ಬರುವ ಚಾಲಕ ಬ್ರೇಕ್ ದೀಪವನ್ನು ಗುರುತಿಸುವುದು ಅದು ಕೆಂಪಾಗಿದೆ ಎಂಬುದರಿಂದಲ್ಲ. ಮಂದವಾಗಿದ್ದ ಕೆಂಪು ತಟ್ಟನೆ ಪ್ರಖರವಾಯಿತು ಎಂಬುದರಿಂದ. ಮಂದ ಕೆಂಪು ಕಾಣದಂತೆ ಮಾಡಿ, ಪ್ರಖರವಾದದ್ದನ್ನು ಮಂದ ಮಾಡಿದರೆ, ಬ್ರೇಕ್ ಒತ್ತಿದ ಕಾರು ಸುಮ್ಮನೆ ದೀಪ ಹಚ್ಚಿಕೊಂಡು ಓಡುತ್ತಿರುವ ಕಾರಿನಂತೆ ಕಾಣುತ್ತದೆ. ಅದನ್ನು ಅರ್ಥಮಾಡಿಕೊಳ್ಳಲು ಹಿಂದಿನವನಿಗೆ ಅರ್ಧ ಸೆಕೆಂಡು ಹೆಚ್ಚು ಹಿಡಿಯಿತು ಎನ್ನಿ. ತಾಸಿಗೆ 60 ಕಿಲೋಮೀಟರ್ ವೇಗದ ಬಸ್ಸು ಅಷ್ಟರಲ್ಲಿ ಎಂಟು ಮೀಟರಿಗೂ ಹೆಚ್ಚು ಮುಂದೆ ಬಂದಿರುತ್ತದೆ. ಎಂಟು ಮೀಟರ್ ಎಂದರೆ ಎರಡು ಸಣ್ಣ ಕಾರುಗಳ ಉದ್ದ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತ ಪ್ರಯಾಣಿಕರಿಗೆ ಈ ಎಂಟು ಮೀಟರಿನ ಬೆಲೆ ಬೇರೆ ಹೇಳಬೇಕಿಲ್ಲ. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರೆ ಮುಂದಿನ ಸೀಟಿನ ಕಂಬಿಗೆ ಹಲ್ಲು ಬಡಿಯುವುದು ಕಾರಿನವನದಲ್ಲ, ಟಿಕೆಟ್ ತೆಗೆಸಿ ಕುಳಿತವರದು.

ಹಗಲಿನ ಕಥೆಯೂ ಬೇರೆಯಲ್ಲ. ಮಧ್ಯಾಹ್ನದ ರಣಬಿಸಿಲಿನಲ್ಲಿ ಕಂಪನಿಯ ಕೆಂಪು ದೀಪವೇ ಹತ್ತಿತೋ ಇಲ್ಲವೋ ಎಂದು ದಿಟ್ಟಿಸಿ ನೋಡಬೇಕಾಗುತ್ತದೆ. ಕಪ್ಪು ಬಳಿದ ಮೇಲೆ ಇಂಡಿಕೇಟರಿನ ಹಳದಿಯೂ ಅದೇ ಗತಿ. ಕಾರು ಬಲಕ್ಕೆ ಹೊರಳಿದ ಮೇಲೆಯೇ ಬಲಕ್ಕೆ ಹೊರಳುತ್ತದೆಂದು ತಿಳಿಯುವುದು!

ಹಿಂದಿನಿಂದ ಗುದ್ದುವುದು ಅಪರೂಪದ ಸಂಗತಿ ಎಂದು ಯಾರಾದರೂ ತಿಳಿದಿದ್ದರೆ ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ ನೋಡಬೇಕು. 2022ರಲ್ಲಿ ದೇಶದಲ್ಲಿ ಆದ ರಸ್ತೆ ಅಪಘಾತ 4,61,312. ಸತ್ತವರು 1,68,491. ಅಪಘಾತಗಳ ಬಗೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಹಿಂದಿನಿಂದ ಗುದ್ದಿದ್ದು, ಐದರಲ್ಲೊಂದಕ್ಕಿಂತ ತುಸು ಹೆಚ್ಚು. ಎಲ್ಲವೂ ದೀಪದಿಂದಲೇ ಆದದ್ದೆಂದು ಹೇಳುವಂತಿಲ್ಲ. ಆದರೆ ಸ್ವಲ್ಪ ಬೆಳಕಿಗೆ ಎಷ್ಟು ಬೆಲೆ ಎಂಬುದಕ್ಕೆ ಅಮೆರಿಕದ ಅನುಭವವಿದೆ. ಅಲ್ಲಿ 1986ರ ಮಾದರಿಯಿಂದ ಹೊಸ ಕಾರುಗಳ ಹಿಂದೆ, ನಡುಮಧ್ಯ ಎತ್ತರದಲ್ಲಿ ಮೂರನೆಯ ಬ್ರೇಕ್ ದೀಪ ಕಡ್ಡಾಯ ಮಾಡಿದರು. ಅದೊಂದು ದೀಪದಿಂದ ಹಿಂದಿನಿಂದ ಗುದ್ದುವ ಅಪಘಾತ ಕಾಯಮ್ಮಾಗಿ ಶೇ. 4.3ರಷ್ಟು ಇಳಿಯಿತೆಂದು ಅಲ್ಲಿಯ ಸರಕಾರಿ ಸಂಸ್ಥೆಯೇ ಲೆಕ್ಕ ಹಾಕಿತು. ಅಲ್ಲಿಯವರು ಇದ್ದ ಎರಡಕ್ಕೆ ಮೂರನೆಯದನ್ನು ಸೇರಿಸಿದರು. ಇಲ್ಲಿಯವರು ಇದ್ದ ಎರಡನ್ನೂ ಮುಚ್ಚುತ್ತಿದ್ದಾರೆ.

ಕಾಯ್ದೆ ಏನನ್ನುತ್ತದೆ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಹಿಂದಿನ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕು. ನಡೆದು ನೋಡುವುದಾದರೆ ಸುಮಾರು ಇನ್ನೂರು ಹೆಜ್ಜೆ. ಸರಿಯಾಗಿ ಅಷ್ಟೇ ದೂರಕ್ಕೆ ಕಾಣುವ ದೀಪದಿಂದ ಅರ್ಧ ಬೆಳಕು ತೆಗೆದರೆ ಅದು ಕಾಣುವ ದೂರ ಲೆಕ್ಕದ ಪ್ರಕಾರ 110 ಮೀಟರಿಗೆ ಇಳಿಯುತ್ತದೆ. ಧೂಳು, ಮಂಜು ಇದ್ದರೆ ಇನ್ನೂ ಕಡಿಮೆ. ಮಾಲೀಕನಿಗೆ ತನ್ನ ಕಾರಿನ ಬಗ್ಗೆ ಅನುಮಾನವಿದ್ದರೆ ಸಂಜೆ ಕತ್ತಲಾದ ಮೇಲೆ ದೀಪ ಹಚ್ಚಿಟ್ಟು, ಕಾರಿನ ಹಿಂದೆ ಇನ್ನೂರು ಹೆಜ್ಜೆ ನಡೆದು ಹೊರಳಿ ನೋಡಲಿ. ಖರ್ಚಿಲ್ಲದ ಪರೀಕ್ಷೆ.

ಇನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು. ಕಂಪನಿ ಮಾಡಿಕೊಟ್ಟ ರೂಪವನ್ನು ಮಾಲೀಕ ಮನಸ್ಸಿಗೆ ಬಂದಂತೆ ಬದಲಾಯಿಸುವ ಹಾಗಿಲ್ಲ ಎಂಬುದು ಅದರ ಸಾರ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಒತ್ತಿ ಹೇಳಿತು. ಅದೇ ವರ್ಷ ಸೆಪ್ಟೆಂಬರಿನಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಬದಲಾವಣೆಗೆ ಒಂದೊಂದಕ್ಕೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಎರಡೂ ಎಂದಿದೆ.

ಕಾಯ್ದೆ ಇದೆ. ಹಿಡಿಯುವವರು? ಕಿಟಕಿ ಗಾಜಿನ ಕಪ್ಪು ಹಾಳೆಯ ಬಗ್ಗೆ 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟು ಆದೇಶ ಕೊಟ್ಟಾಗ ಊರೂರಲ್ಲಿ ಪೋಲೀಸರು ಕಾರು ನಿಲ್ಲಿಸಿ ಹಾಳೆ ಸುಲಿದರು. ಆ ಹಾಳೆ ಹಗಲಿನಲ್ಲೇ ಕಣ್ಣಿಗೆ ಬೀಳುತ್ತದೆ. ಹಿಂದಿನ ದೀಪದ ಹಾಳೆ ಹಾಗಲ್ಲ. ತಪಾಸಣೆಗೆ ನಿಂತ ಪೋಲೀಸನಿಗೆ ಕಾಣುವುದು ಎದುರಿಗೆ ಬರುವ ಕಾರಿನ ಮುಖ, ನಂಬರು, ಚಾಲಕನ ಬೆಲ್ಟು. ಕಾರಿನ ಹಿಂಭಾಗ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಹೊರಟು ಹೋಗಿರುತ್ತದೆ. ಎಲ್ಲ ದಂಡವೂ ಮುಂದಿನಿಂದಲೇ ಬೀಳುವುದರಿಂದ ಹಿಂದೆ ಏನು ಮಾಡಿದರೂ ನಡೆಯುತ್ತದೆಂಬ ಧೈರ್ಯ ಹುಡುಗರಿಗೆ ಬಂದಿದೆ.

ಒಂದು ಮಾತು ಅವರ ಪರವಾಗಿಯೂ ಹೇಳಬೇಕು. "ಕಂಪನಿಯವ್ರ ಕರೀ ಛಾಯಾದ ದೀಪ ಕೊಡ್ತಾರಲ್ರಿ, ಅದ್ಹೆಂಗ ನಡಿತೈತಿ?" ಎಂದು ಕೇಳುವುದು ಖರೆ ಪ್ರಶ್ನೆ. ಕೆಲವು ಹೊಸ ಕಾರುಗಳಲ್ಲಿ ಅಂಥ ದೀಪಗಳಿವೆ. ಆದರೆ ಅಲ್ಲಿ ಮೇಲಿನ ಛಾಯೆಯನ್ನು ಲೆಕ್ಕಕ್ಕೆ ಹಿಡಿದು ಒಳಗೆ ಅದಕ್ಕೆ ತಕ್ಕಷ್ಟು ಬೆಳಕು ಇಟ್ಟಿರುತ್ತಾರೆ, ರಿಫ್ಲೆಕ್ಟರಿಗೆ ಬೇರೆ ಜಾಗ ಬಿಟ್ಟಿರುತ್ತಾರೆ, ದೀಪವನ್ನು ಪರೀಕ್ಷೆಗೆ ಒಳಪಡಿಸಿ ಮಂಜೂರಿ ಪಡೆದಿರುತ್ತಾರೆ. ಸ್ಟಿಕ್ಕರ್ ಅಂಗಡಿಯ ಬಾಗಿಲಲ್ಲಿ ಕತ್ತರಿ ಹಿಡಿದು ಅಂಟಿಸುವ ಹಾಳೆಗೆ ಇದ್ಯಾವುದೂ ಇಲ್ಲ. ಅಂಗಡಿಯವನನ್ನು ಬೈದೂ ಫಲವಿಲ್ಲ. ಗಿರಾಕಿ ಕೇಳಿದ್ದನ್ನು ಆತ ಕೊಡುತ್ತಾನೆ. ಆದರೂ ಗಾಡಿ ಚೆಂದ ಕಾಣಲು ಕಪ್ಪು ಹಾಳೆಯೇ ಬೇಕೆಂದೇನೂ ಇಲ್ಲ. ಲಾರಿಯವರು ಎಷ್ಟು ಕಾಲದಿಂದ ಹೂವು, ನವಿಲು, ಮನೆದೇವರ ಹೆಸರು ಬರೆಸಿಕೊಂಡು ಬಂದಿದ್ದಾರೆ. ದೀಪವನ್ನು ಮಾತ್ರ ಮುಟ್ಟಲಿಲ್ಲ.

ಇಲ್ಲದವನು, ಇದ್ದು ಮುಚ್ಚಿದವನು

ಈ ಭಾಗದ ಮಂದಿಗೆ ಕತ್ತಲೆಯ ಗಾಡಿ ಹೊಸದಲ್ಲ. ಜಾತ್ರೆಯ ತಿಂಗಳುಗಳೇ ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಜೋಡಿಸಿಕೊಂಡು ಹೋಗುವ ಟ್ರ್ಯಾಕ್ಟರುಗಳ ಹಿಂದೆ ದೀಪ ಇರುವುದೇ ಅಪರೂಪ. ಇದ್ದರೂ ಜೋತುಬಿದ್ದ ಕಬ್ಬಿನ ಸೋಗೆ ಅದನ್ನು ಮುಚ್ಚಿರುತ್ತದೆ. ಅದಕ್ಕೇ ಹಂಗಾಮಿನಲ್ಲಿ ಟ್ರೇಲರಿನ ಬೆನ್ನಿಗೆ ಹೊಳೆಯುವ ಪಟ್ಟಿ, ಕೆಂಪು ಬಟ್ಟೆ ಕಟ್ಟಿಸುವ ಕೆಲಸವನ್ನು ಪೋಲೀಸರೂ ಕಾರ್ಖಾನೆಗಳೂ ಅಲ್ಲಲ್ಲಿ ಮಾಡಿಕೊಂಡು ಬಂದಿದ್ದಾರೆ. ಅದಕ್ಕೂ ಹಿಂದೆ, ಮೋಟಾರು ಇಷ್ಟು ಇಲ್ಲದಿದ್ದ ಕಾಲದಲ್ಲಿ, ರಾತ್ರಿ ಹೊರಟ ಚಕ್ಕಡಿಯ ಅಚ್ಚಿಗೆ ರೈತ ಕಂದೀಲು ತೂಗುಹಾಕುತ್ತಿದ್ದ. ಅದು ಆತನಿಗೆ ದಾರಿ ಕಾಣಲಿ ಎಂದಷ್ಟೇ ಅಲ್ಲ. ಎತ್ತಿಗೆ ದಾರಿ ಗೊತ್ತಿರುತ್ತಿತ್ತು. ಹಿಂದೆ ಬರುವವರಿಗೆ ತನ್ನ ಗಾಡಿ ಕಾಣಲಿ ಎಂದು.

ದೀಪವಿಲ್ಲದ ಟ್ರೇಲರಿನವನನ್ನು ಬೈಯಬಹುದು, ಆದರೂ ಅವನ ಬಡತನ, ಅವಸರ ಅರ್ಥವಾಗುವಂಥದ್ದು. ಲಕ್ಷಗಟ್ಟಲೆ ಕೊಟ್ಟು ಒಳ್ಳೆಯ ದೀಪವಿರುವ ಕಾರು ತಂದು, ಮತ್ತಷ್ಟು ರೊಕ್ಕ ಕೊಟ್ಟು ಆ ದೀಪ ಮುಚ್ಚಿಸುವವನ ವಿಷಯ ಹಾಗಲ್ಲ. ಅದರಲ್ಲಿ ವಿಚಿತ್ರವೊಂದಿದೆ. ಕಾರಿನಲ್ಲಿ ಮಾಲೀಕನಿಗೆ ಕೆಲಸಕ್ಕೆ ಬಾರದ ಭಾಗ ಯಾವುದಾದರೂ ಇದ್ದರೆ ಅದು ಈ ಹಿಂದಿನ ದೀಪ. ಓಡಿಸುವಾಗ ಅವನಿಗೆ ಅದು ಕಾಣುವುದೇ ಇಲ್ಲ. ಅದು ಇರುವುದು ಹಿಂದೆ ಬರುವ ಬಸ್ ಡ್ರೈವರಿಗೆ, ಫಟಫಟಿಯವನಿಗೆ. ಪರರ ಸಾಮಾನಿಗೆ ತಾನು ಬಣ್ಣ ಬಳಿದುಕೊಂಡಂತಾಯಿತು.

ಗುದ್ದಿದ ಮೇಲೆ "ತಪ್ಪು ಹಿಂದಿನವನದು" ಎಂದು ಕೈ ತೊಳೆದುಕೊಳ್ಳಬಹುದೆಂಬ ಲೆಕ್ಕವೂ ಎಲ್ಲ ಸಲ ನಡೆಯುವುದಿಲ್ಲ. ಹಿಂದಿನ ದೀಪವಿಲ್ಲದೆ ರಸ್ತೆಯಲ್ಲಿ ನಿಂತ ಲಾರಿಗೆ ಗುದ್ದಿದ ಪ್ರಕರಣಗಳಲ್ಲಿ ನ್ಯಾಯಾಲಯಗಳು ತಪ್ಪನ್ನು ಇಬ್ಬರಿಗೂ ಹಂಚಿದ್ದುಂಟು. ದೀಪ ಬದಲಾಯಿಸಿದ್ದು ಫೋಟೋದಲ್ಲಿ ಕಂಡರೆ ವಿಮೆಯ ಸರ್ವೇಯರನೂ ಪ್ರಶ್ನೆ ಎತ್ತಬಹುದು.

ಹಾಳೆಯಾದರೆ ಬಿಸಿನೀರಿನ ಬಟ್ಟೆ ಒತ್ತಿ ನಿಧಾನ ಸುಲಿದರೆ ಬರುತ್ತದೆ. ಸ್ಪ್ರೇ ಹೊಡೆಸಿದವರಿಗೆ ಕಷ್ಟ, ಹೆಚ್ಚಾಗಿ ದೀಪದ ಮೇಲ್ಮುಚ್ಚಳವನ್ನೇ ಬದಲಾಯಿಸಬೇಕಾಗುತ್ತದೆ. ಹುಣ್ಣಿಮೆ ಬರುವುದರೊಳಗೆ ಎಲ್ಲರೂ ತಾವಾಗಿಯೇ ಸುಲಿಸುತ್ತಾರೆಂದು ನಂಬುವುದು ಕಷ್ಟ. ಆದರೆ ಜಾತ್ರೆಯ ದಿನ ಗುಡ್ಡ ಏರುವ ಗಾಡಿಗಳು ಸಾಲುಗಟ್ಟಿ ತಾವೇ ನಿಲ್ಲುತ್ತವೆ. ನಿಂತ ಗಾಡಿಯ ಮುಂದೆ ಕೈ ಮಾಡುವ ಬದಲು ಹಿಂದಕ್ಕೆ ಹೋಗಿ, "ಬ್ರೇಕ್ ಒತ್ತು ತಮ್ಮಾ" ಎಂದು ಹೇಳಿ ನೋಡಲು ಒಬ್ಬ ಹೋಮ್‌ಗಾರ್ಡ್ ಸಾಕು.